ನಮ್ ಮಿರಗ, ನಮ್ ಎಳ್ಳಮಾಸಿ ಯಾವ ಕಾರ್ಟೂನ್‌ದಾಗ ಅದ?

ಮಾನ್ಯ ಸಂಪಾದಕರಿಗೆ ಶರಣು ಶರಣಾರ್ಥಿ,

ಹೋದ ಭಾನುವಾರ ನಿಮ್ಮ ಪೇಪರ್‌ನ ಮಕ್ಕಳ ಪುಟದಾಗ ‘ಋತುಗಳು’ ಅಂತ ಬಣ್ಣ ತುಂಬೋ ಚಿತ್ರ ಬಂದಿತ್ರಿ. ನಾಕು ಚೌಕ, ನಾಕು ಗಿಡ. ಒಂದ್ರಾಗ ಹೂವು, ಒಂದ್ರಾಗ ಸೂರ್ಯ, ಒಂದ್ರಾಗ ಕೆಂಪು ಎಲಿ ಉದುರ್ಲಕತ್ಯಾವ, ಕಡೀದ್ರಾಗ ಗಿಡದ ತುಂಬ ಬಿಳಿ ಹಿಮ, ಕೆಳಗ ಹಿಮದ ಗೊಂಬಿ. ಮಳಿ ಎಲ್ಲೂ ಇಲ್ಲ. ಕಲಬುರಗಿ, ಯಾದಗಿರಿ, ಬೀದರ್ ಮನಿ ಮನಿಗೆ ಹೋಗೋ ಪೇಪರ್ ಇದು, ಇದ್ರಾಗ ವರ್ಷದ ಚಿತ್ರ ಬರದು ಅದ್ರಾಗ ಮಳಿನೇ ಇಲ್ಲ ಅಂದ್ರ ನಂಗ ಸುಮ್ನ ಕೂಡ್ಲಕ್ಕ ಆಗ್ಲಿಲ್ಲ, ಅದಕ್ಕ ಈ ಪತ್ರ. ಜರಾ ಉದ್ದ ಆಗ್ತದ, ಆದ್ರೂ ದಯಮಾಡಿ ಪೂರ್ತಿ ಓದ್ರಿ.

ನಾ ಜೇವರ್ಗಿ ತಾಲೂಕಿನ ಒಂದು ಸರ್ಕಾರಿ ಹೈಸ್ಕೂಲ್‌ದಾಗ ಡ್ರಾಯಿಂಗ್ ಮಾಸ್ತರ. ಈ ನಾಕು ಚೌಕದ ಮಾದರಿ ಎಲ್ಲಿಂದ ಬಂತು ಅನ್ನೋದು ನಂಗ ಗೊತ್ತದ, ಯಾಕಂದ್ರ ಅದರ ಭಾಳ ಹಳೀ, ಭಾಳ ಚಂದ ರೂಪ ನಾನೇ ನಮ್ ಹುಡುಗೂರಿಗೆ ತೋರಸ್ತೀನಿ. ಕಪ್ಪು ಬಿಳುಪಿನ ಕಾರ್ಟೂನ್ ಅವು. ಅಮೆರಿಕಾದಾಗ ವಾಲ್ಟ್ ಡಿಸ್ನಿ ಕಂಪನಿ 1929ರಾಗ ‘ಸಿಲ್ಲಿ ಸಿಂಫನಿ’ ಅಂತ ಒಂದು ಸರಣಿ ಶುರು ಮಾಡ್ತು, 1939ರ ತನಕ ಒಟ್ಟು 75 ಸಣ್ಣ ಚಿತ್ರ ಬಂದ್ವು. ಮಿಕ್ಕಿ ಮೌಸ್ ಹಂಗ ಒಬ್ಬ ಹೀರೋ ಇರಂಗಿಲ್ಲ ಇದ್ರಾಗ, ಮೊದಲು ಸಂಗೀತ, ಆಮ್ಯಾಲ ಆ ಸಂಗೀತಕ್ಕ ಕುಣಿಯೋ ಗಿಡ, ಹುಳ, ಹಕ್ಕಿ, ಎಲುಬಿನ ಹಂದರ ಸೈತ. ಈ ಸರಣಿ ಶುರು ಆದ ಹೊಸದ್ರಾಗೇ ಋತುಗಳ ಮ್ಯಾಲ ನಾಕು ಚಿತ್ರ ಮಾಡ್ಯಾರ. 1929ರಾಗ ‘ಸ್ಪ್ರಿಂಗ್‌ಟೈಮ್’, 1930ರಾಗ ‘ಸಮ್ಮರ್’, ‘ಆಟಮ್’, ‘ವಿಂಟರ್’. ಒಂದೊಂದು ಆರೇಳು ನಿಮಿಷದ್ದು ಅಷ್ಟೇ. ಮೊದಲ ಮೂರು ಅಬ್ ಐವರ್ಕ್ಸ್ ಅನ್ನೋ ಕಲಾವಿದ ನಿರ್ದೇಶನ ಮಾಡಿದ್ದು, ಮಿಕ್ಕಿ ಮೌಸ್‌ನ ಮೊಟ್ಟಮೊದಲ ಚಿತ್ರಗಳನ್ನ ಕೈಲೆ ಬರದ ಮನುಷ್ಯ ಇವ್ರೇ. 1930ರ ಜನವರಿದಾಗ ಅವ್ರು ಡಿಸ್ನಿ ಬಿಟ್ಟು ಹೋದ್ರು, ಹಂಗಾಗಿ ಕಡೀ ‘ವಿಂಟರ್’ ಬರ್ಟ್ ಜಿಲೆಟ್ ಮಾಡಿದ್ದು.

ಬಣ್ಣ ಇಲ್ಲದ ಚಿತ್ರ ಈಗಿನ ಹುಡುಗೂರು ನೋಡ್ತಾವೇನು ಅಂತ ನಮ್ ಸಾಲಿ ಅಕ್ಕೋರೊಬ್ರು ಕೇಳಿದ್ರು. ನೋಡ್ತಾವ್ರಿ, ಬಾಯಿ ತಕ್ಕೊಂಡು ನೋಡ್ತಾವ. ಬೀದರ್‌ನ ಬಿದ್ರಿ ಸಾಮಾನು ಕೈಯಾಗ ಹಿಡದು ನೋಡಿದವ್ರಿಗೆ ಗೊತ್ತದ, ಕಪ್ಪು ಮೈ ಮ್ಯಾಲ ಬೆಳ್ಳಿ ಗೆರಿ ಒಂದೇ ಇದ್ರೂ ಬಳ್ಳಿ ಬಳ್ಳಿನೇ ಆಗಿ ಕಾಣ್ತದ, ಹೂವು ಹೂವೇ ಆಗಿ ಕಾಣ್ತದ, ಈ ಚಿತ್ರಗಳೂ ಹಂಗೇ. ಆ ಕಾಲದಾಗ ಕಂಪ್ಯೂಟರ್ ಇಲ್ಲ, ಕಾಗದದ ಮ್ಯಾಲ ಒಂದೊಂದೇ ಚಿತ್ರ ಬರೀಬೇಕು, ಅದನ್ನ ಸೆಲ್ಯುಲಾಯ್ಡ್ ಅನ್ನೋ ಆರಪಾರ ಕಾಣೋ ಹಾಳಿ ಮ್ಯಾಲ ಮಸಿಲೆ ತೆಗೀಬೇಕು, ಹಿಂದಿನ ಕಡಿಂದ ಬಣ್ಣ ತುಂಬಬೇಕು, ಹಿನ್ನೆಲೆ ಚಿತ್ರದ ಮ್ಯಾಲ ಇಟ್ಟು ಕ್ಯಾಮೆರಾದಾಗ ಒಂದೇ ಒಂದು ಫ್ರೇಮ್ ಹೊಡೀಬೇಕು, ತೆಗದು ಮುಂದಿನದ್ದು ಇಡಬೇಕು. ಸೆಕೆಂಡಿಗೆ 24 ಫ್ರೇಮ್, ಅಂದ್ರ ಏಳು ನಿಮಿಷಕ್ಕ 10,080 ಫ್ರೇಮ್ ಆಗ್ತಾವ, ಒಂದೊಂದು ಚಿತ್ರ ಎರಡೆರಡು ಫ್ರೇಮ್ ನಿಲ್ಲಿಸಿದ್ರೂ ಐದು ಸಾವಿರದಷ್ಟು ಚಿತ್ರ. ಈ ಲೆಕ್ಕ ಬೋರ್ಡ್ ಮ್ಯಾಲ ಬರದಾಗ ಎಂಟನೇತ್ತೆ ಹುಡುಗೂರು ಸುಮ್ಮ ಆಗಿಬಿಟ್ವು.

ಅದ್ರಾಗೇನದ ಅಂತ ಕೇಳಿದ್ರ, ಕತಿ ಅಂತ ಏನೂ ಇಲ್ಲ. ವಸಂತದ ಚಿತ್ರದಾಗ ಹೂವು ಕುಣೀತಾವ, ಹುಳ ಕುಣೀತಾವ, ಪಾಂಕಿಯೆಲ್ಲಿ ಅನ್ನೋ ಇಟಲಿ ಸಂಗೀತಗಾರರ ಹಳೀ ನೃತ್ಯ ಸಂಗೀತ ಬರ್ತದ, ಕಪ್ಪಿಗೋಳು ಭಾಳ ಮಜಾ ಮಾಡ್ತಾವ, ಆಮ್ಯಾಲ ಉದ್ದ ಕಾಲಿನ ಕೊಕ್ಕರಿ ಬಂದು ಅವನ್ನೇ ನುಂಗ್ತದ. ಬ್ಯಾಸಗಿ ಚಿತ್ರದಾಗ ಹೆಚ್ಚಿಗಿ ಹುಳಹುಪ್ಪಡಿನೇ. ಮೂರನೇದ್ರಾಗ ಅಳಿಲು ಕಾಳು ಕೂಡಿಡ್ತಾವ, ಥಂಡಿ ಗಾಳಿ ಬೀಸ್ತದ. ನಂಗ ಸೇರೋದು ಏನಂದ್ರ, ಬರದವ್ರು ಅವ್ರ ಊರಿನ ಹೊಲ, ಹಳ್ಳ, ಗಿಡ ದಿಟ್ಟಿಸಿ ನೋಡ್ಯಾರ. ಕೊಕ್ಕರಿ ಕಾಲು ಎತ್ತೋ ರೀತಿ, ಗಾಳಿ ಬಂದಾಗ ಹುಲ್ಲು ಮೊದಲು ಬಾಗ್ತದೋ ಎಲಿ ಮೊದಲು ತಿರುಗ್ತದೋ ಅನ್ನೋದು, ಅಳಿಲು ನಿಂತು ಸುತ್ತ ನೋಡಿ ಮತ್ತ ಓಡೋದು. ನೋಡದೇ ಇವು ಬರ್ಲಕ್ಕ ಬರಂಗಿಲ್ಲ. ಚಂದ ಚಂದ ಅಷ್ಟೇ ತೋರ್ಸದೇ ಒಂದು ಜೀವ ಇನ್ನೊಂದು ಜೀವ ತಿನ್ನೋದೂ ಹಂಗೇ ಬಿಟ್ಟಾರ, ಹೊಲದಾಗ ಬೆಳದ ನಮ್ ಮಕ್ಕಳಿಗೆ ಅದು ಹೊಸದಲ್ಲ, ಅವು ಹೌದೌದು ಹಂಗೇ ಅಂದ್ವು.

ಆದ್ರ ‘ವಿಂಟರ್’ ನೋಡುವಾಗ ಒಂದು ಕಡಿ ಕ್ಲಾಸ್ ನಿಂತುಬಿಡ್ತು. ಕಡೀಗೆ ಗ್ರೌಂಡ್‌ಹಾಗ್ ಅಂತ ಒಂದು ಪ್ರಾಣಿ ಬಿಲದಿಂದ ಹೊರಗ ಬರ್ತದ, ಹೆಗ್ಗಣಕ್ಕಿಂತ ದೊಡ್ಡದು, ಮೈ ತುಂಬ ರೋಮ. ಅಮೆರಿಕಾದಾಗ ಫೆಬ್ರವರಿ 2ಕ್ಕ ಇದು ಹೊರಗ ಬಂದು ತನ್ನ ನೆರಳು ಕಂಡ್ರ ಇನ್ನಾ ಆರು ವಾರ ಥಂಡಿ ಅದ ಅಂತ ತಿಳಕೊಂಡು ಒಳಗ ಓಡಿ ಹೋಗ್ತದ ಅನ್ನೋ ನಂಬಿಕಿ ಅದ. ನಮ್ ಹುಡುಗಿಯೊಬ್ಬಾಕಿ ಕೇಳಿದ್ಳು, ‘ಸರ, ನೆರಳು ಕಂಡ್ರ ಯಾಕ ಓಡ್ತದ್ರೀ? ನೆರಳು ಕಂಡ್ರ ಹೋಗಿ ಕೂಡ್ಬೇಕಲ್ಲ?’ ನಾ ನಂಬಿಕಿ ಏನಂತ ಹೇಳ್ದೆ, ಆದ್ರ ಆಕಿ ಕೇಳಿದ್ದು ನನ್ನ ತಲಿಯಿಂದ ಹೋಗ್ಲೇ ಇಲ್ಲ. ನಮ್ ನಾಡಿನ್ಯಾಗ ವರ್ಷ ಅನ್ನೋದು ನೆರಳು ಹುಡುಕೋ ವರ್ಷ. ಏಪ್ರಿಲ್ ಮೇದಾಗ ನಮ್ ಸಾಲಿ ಮುಂದಿನ ಬೇವಿನ ಗಿಡದ ನೆರಳು ಹೊತ್ತು ಸರದಂಗ ಸರೀತದ, ಅದರ ಜೊತಿ ನಾಯಿ ಸರೀತದ, ಆಡು ಸರೀತಾವ, ಐಸ್‌ಕ್ರೀಮ್ ಗಾಡಿಯಂವ ಸರೀತಾನ, ಕಟ್ಟಿ ಮ್ಯಾಲ ಕುಂತ ಹಿರ್ಯಾರು ಎದ್ದು ಇನ್ನೊಂದು ಕಡಿ ಕೂಡ್ತಾರ. ಮೇ 9ರ ಆಸುಪಾಸು ಕಲಬುರಗಿದಾಗ ಮಧ್ಯಾಹ್ನ ಸೂರ್ಯ ಬರೋಬ್ಬರಿ ನೆತ್ತಿ ಮ್ಯಾಲ ಬರ್ತಾನ, ನೆಟ್ಟಗ ನಿಂತ ಕಂಬದ ನೆರಳು ಅದರ ಬುಡದಾಗೇ ಮಾಯ ಆಗ್ತದ, ಆಗಸ್ಟ್ ಮೊದಲ ವಾರದಾಗ ಮತ್ತೊಮ್ಮಿ ಹಂಗೇ ಆಗ್ತದ. ಅಲ್ಲಿ ನೆರಳು ಕಂಡು ಓಡೋ ಪ್ರಾಣಿ, ಇಲ್ಲಿ ನೆರಳು ಮಾಯ ಆಗಿ ಎಲ್ಲಿ ಕೂಡ್ಬೇಕು ಅಂತ ತಿಳೀದ ನಾಯಿ, ಆಡು, ಮುದುಕ. ಏಳು ನಿಮಿಷದ ಕಾರ್ಟೂನ್‌ಗೆ ಇದಕ್ಕಿಂತ ಛಲೋ ಸೀನ್ ಯಾರಿಗೆ ಬೇಕ್ರಿ? ಕೈಲೆ ಬರಿಯೋರು ಮಾತ್ರ ಇನ್ನಾ ಯಾರೂ ಕುಂತಿಲ್ಲ.

ನಾ ಹೇಳಬೇಕಂತ ಇರೋದು ಇಷ್ಟೇ. ಆ ಹಳೀ ಚಿತ್ರಗಳನ್ನ ಮಕ್ಕಳಿಗೆ ತೋರ್ಸ್ರಿ, ಖುಷಿಲೆ ತೋರ್ಸ್ರಿ, ಆದ್ರ ಅವ್ರು ಅವ್ರ ವರ್ಷ ಎಷ್ಟು ದಿಟ್ಟಿಸಿ ನೋಡಿ ಬರದ್ರೋ ಅಷ್ಟೇ ದಿಟ್ಟಿಸಿ ನಮ್ ವರ್ಷ ಬರಿಯೋ ಒಂದು ಚಿತ್ರ ನಮ್ ಕಲಬುರಗಿ ಭಾಗದಿಂದ ಆಗಬೇಕು. ಬ್ಯಾರೆ ದೇಶದವ್ರು ಮಾಡಿಕೊಂಡಾರ. 1969ರಾಗ ರಷ್ಯಾದ ಇವಾನ್ ಇವಾನೊವ್-ವಾನೊ ಮತ್ತ ಯೂರಿ ನಾರ್ಸ್ಟೀನ್ ಸೇರಿ ಅವ್ರದೇ ಚೈಕೊವ್ಸ್ಕಿ ಸಂಗೀತ ಇಟಕೊಂಡು ಋತುಗಳ ಮ್ಯಾಲ ಗೊಂಬಿ ಅನಿಮೇಶನ್ ಮಾಡ್ಯಾರ, ಅದ್ರಾಗ ಗಿಡ, ಹಿಮ ಎಲ್ಲಾ ಅವ್ರ ಊರಿನ ಲೇಸ್ ಹೆಣಿಕಿ ಹಂಗ ಕಾಣ್ತಾವ. ಅವ್ರ ಥಂಡಿ ಅವ್ರ ಕೈಕೆಲಸದಾಗ ಬಂತು. ನಮ್ ಬಿಸಲು, ನಮ್ ಮಳಿ ನಮ್ ಕೈಕೆಲಸದಾಗ ಬರಬೇಕಲ್ಲ.

ನಮ್ ಕ್ಲಾಸ್‌ದಾಗ ಆ ಚಿತ್ರ ತೋರಿಸೋಕ್ಕಿಂತ ಮೊದಲು ವರ್ಷದ ಚಿತ್ರ ಬರೀರಿ ಅಂದಾಗ ಮುಕ್ಕಾಲು ಹುಡುಗೂರು ಹಿಮದ ಗೊಂಬಿನೇ ಬರದಿದ್ವು, ಜೇವರ್ಗಿ ತಾಲೂಕಿನ ಮಕ್ಕಳು, ಹಿಮ ಹುಟ್ಟಿದಾಗಿಂದ ಕಂಡಿಲ್ಲ. ಆಮ್ಯಾಲ ನಾ ಅಂದೆ, ಋತು ಅನ್ನಬ್ಯಾಡ್ರಿ, ನಿಮ್ಮ ಹೊಲದಾಗ ಈಗ ಏನದ, ಮುಂದ ಏನ್ ಬರ್ತದ, ಅದರ ಮುಂದ ಏನು, ಅದು ಬರೀರಿ. ಆಗ ನೋಡಬೇಕಿತ್ರಿ! ಒಬ್ಬಾಂವ ಎರಿ ಭೂಮಿ ಬಿರುಕು ಬಿಟ್ಟದ್ದು ಬರದ, ಬಿರುಕಿನ್ಯಾಗ ಹಲ್ಲಿ ಕುಂತದ. ಒಬ್ಬಾಕಿ ಮಳಿ ಬರೋಕ್ಕಿಂತ ಮೊದಲು ಕುಳ್ಳು ಒಳಗ ಸೇರ್ಸೋ ಅಮ್ಮನ್ನ ಬರದ್ಳು. ಒಬ್ಬ ತೊಗರಿ ಹೊಲ ಪೂರಾ ಹಳದಿ ಮಾಡಿ ಮೂಲ್ಯಾಗ ತನ್ನ ಅಜ್ಜನ್ನ ಸಣ್ಣಗ ಬರದಿದ್ದ. ಈ ಚಿತ್ರ ನಿಮ್ಮ ಪುಟದಾಗ ಬರಬೇಕ್ರಿ ಸಂಪಾದಕರೇ. ಮಿರಗ ಅಂದ್ರ ಮೃಗಶಿರಾ ಮಳಿಯಿಂದ ಹಿಡದು ಒಂದೊಂದು ಮಳಿ ನಕ್ಷತ್ರಕ್ಕ ಒಂದು ಸಲ, ಅಂದ್ರ ಸುಮಾರು ಹದಿಮೂರು ಹದಿನಾಕು ದಿನಕ್ಕೊಮ್ಮಿ, ಅರ್ಧ ಪುಟ ಹಳ್ಳಿ ಸಾಲಿ ಮಕ್ಕಳ ಚಿತ್ರಕ್ಕ ಬಿಡ್ರಿ. ನಾವು ಮಾಸ್ತರುಗೋಳು ಕಳಸ್ತೀವಿ.

ಮಳಿ ನಕ್ಷತ್ರ ಅಂದೆ, ಖರೇ ನಮ್ ಕಾರ್ಟೂನ್‌ಗೆ ನಾಕು ಭಾಗ ಸಾಲಂಗಿಲ್ಲ. ಪಾಠದಾಗ ಆರು ಋತು ಬಾಯಿಪಾಠ ಮಾಡಸ್ತೀವಿ, ಮಾತಿನ್ಯಾಗ ಮೂರು ಕಾಲ ಅಂತೀವಿ, ಆದ್ರ ರೈತರು ವರ್ಷ ಎಣಸೋದು ಮಳಿಲೆ. ರೋಹಿಣಿ, ಮಿರಗ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘಾ, ಹುಬ್ಬಿ, ಉತ್ತರಿ, ಹಸ್ತ, ಚಿತ್ತಿ, ಸ್ವಾತಿ. ಒಂದೊಂದಕ್ಕೂ ಒಂದೊಂದು ಸ್ವಭಾವ ಅದ. ರೋಹಿಣಿ ಮಳಿ ಬಂದ್ರ ಓಣಿ ತುಂಬ ಜೋಳ ಅಂತಾರ, ಮಘಾ ಮಳಿ ಬಂದಷ್ಟೂ ಒಳ್ಳೇದು ಮನಿ ಮಗ ಉಂಡಷ್ಟೂ ಒಳ್ಳೇದು ಅಂತಾರ. ಇವು ಆಗಲೇ ಪಾತ್ರ ಇದ್ದಂಗ ಅವ, ಬರಿಯೋರು ಬರಿಯೋದಷ್ಟೇ ಬಾಕಿ. ಮಿರಗ ಕೂಡೋದು ಜೂನ್ 7, 8ಕ್ಕ. ಮೇ ತಿಂಗಳದಾಗ ಕಾಲು ಸಿಗಬೀಳೋ ಅಷ್ಟು ಅಗಲ ಬಿರುಕು ಬಿಟ್ಟ ಎರಿ ಮಣ್ಣು ನೀರು ಕುಡದು ಉಬ್ಬಿ ತಾನೇ ತನ್ನ ಬಿರುಕು ಮುಚ್ಚಿಕೊಳ್ತದ, ಎರಿ ಮಣ್ಣಿನ ಗುಣನೇ ಅದು, ನೀರು ಬಿದ್ರ ಹಿಗ್ಗೋದು ಒಣಗಿದ್ರ ಕುಗ್ಗೋದು. ಹೊಲದಾಗ ಎಲ್ಲಿಂದ ಬಂದ್ವೋ ಅನ್ನಂಗ ಕೆಂಪು ಮಕಮಲ್ ಹುಳ ಹರದಾಡ್ತಾವ, ನಾಕೈದು ದಿನ ಕಂಡು ಮಾಯ. ಐವರ್ಕ್ಸ್ ಅವ್ರಿಗೆ ಆ ಹುಳ ಸಿಕ್ಕಿದ್ರ ಪೂರಾ ಒಂದು ಹಾಡು ಅದಕ್ಕೇ ಕೊಡ್ತಿದ್ರು ಅಂತ ನನ್ನ ನಂಬಿಕಿ.

ಆಮ್ಯಾಲ ಕೂರಿಗಿ ಹೊಡದು ತೊಗರಿ, ಹೆಸರು, ಉದ್ದು ಬಿತ್ತೋದು. ಕಾರ ಹುಣ್ಣಿಮಿಗೆ ಎತ್ತು ಓಡಸೋದು. ಮಣ್ಣೆತ್ತಿನ ಅಮಾಸಿಗೆ ನಮ್ ಮಕ್ಕಳು ಎರಿ ಮಣ್ಣಿಲೆ ಎತ್ತು ಮಾಡ್ತಾವ, ಕೋಡು, ಕೊಳ್ಳು, ಗಂಟಿ ಸರ ಎಲ್ಲಾ. ಇಲ್ಲಿ ಜರಾ ನಿಲ್ರಿ. ಮಣ್ಣಿನ ಗೊಂಬಿ ಇಟ್ಟು ಒಂದಿಷ್ಟು ಸರಿಸಿ ಒಂದು ಫೋಟೋ, ಮತ್ತ ಸರಿಸಿ ಮತ್ತೊಂದು ಫೋಟೋ ಹೊಡದು ಮಾಡೋ ಅನಿಮೇಶನ್ ಕ್ಲೇ ಅನಿಮೇಶನ್ ಅಂತ ಜಗತ್ತಿನ ತುಂಬ ಹೆಸರು ಮಾಡ್ಯದ, ಅದಕ್ಕಂತ ದುಡ್ಡು ಕೊಟ್ಟು ಬಣ್ಣದ ಮಣ್ಣು ತರಸ್ತಾರ. ನಮ್ ಹುಡುಗೂರು ವರ್ಷಾ ವರ್ಷಾ ಪುಕ್ಕಟೆ ಮಣ್ಣಿಲೆ ಎತ್ತು ಮಾಡ್ತಾವ, ಪೂಜಿ ಆಗ್ತದ, ಅಲ್ಲಿಗೆ ಬಿಡ್ತೀವಿ. ಪೂಜಿಗಿಂತ ಮೊದಲು ಒಂದು ದಿನ ಅದೇ ಎತ್ತನ್ನ ಒಂದು ಹಲಗಿ ಮ್ಯಾಲ ನಡಸಬೇಕ್ರಿ, ಮಾಸ್ತರ ಮೊಬೈಲ್ ಸಾಕು ಅದಕ್ಕ.

ಮುಂದ ಸೆಪ್ಟೆಂಬರ್ ಅಕ್ಟೋಬರ್‌ದಾಗ ಭೀಮಾ ನದಿ ಯಾವ ರೂಪ ತಾಳ್ತದ ಅನ್ನೋದು ಅಫಜಲಪುರ, ಜೇವರ್ಗಿ, ಶಹಾಬಾದ್, ಚಿತ್ತಾಪುರ ಕಡಿಯವ್ರಿಗೆ ಹೇಳೋದು ಬ್ಯಾಡ. 2020ರ ಅಕ್ಟೋಬರ್‌ದಾಗ ಮಹಾರಾಷ್ಟ್ರದ ನೀರು ಬಂದು ದಂಡಿ ಊರು ಹೊಕ್ಕಿದ್ದು ಕಂಡ ಮಕ್ಕಳೇ ಈಗ ನನ್ನ ಕ್ಲಾಸ್‌ದಾಗ ಕುಂತಾವ, ಅವಕ್ಕ ಮಳಿ ಅಂದ್ರ ಹಾಡು ಕುಣಿತ ಅಷ್ಟೇ ಅಲ್ಲ. ಅದೂ ಬರಬೇಕು ಚಿತ್ರದಾಗ.

ಎಲಿ ಉದುರೋ ಕಾಲ ನಮ್ಮಲ್ಲಿ ಇಲ್ಲ ಅನ್ನೋರು ಡಿಸೆಂಬರ್‌ದಾಗ ತೊಗರಿ ಹೊಲಕ್ಕ ಬರಬೇಕು. ನಮ್ ತೊಗರಿ ಐದಾರು ತಿಂಗಳ ಬೆಳಿ, ಕಾಯಿ ಬಲೀತಾ ಬಂದಂಗ ಎಲಿ ಹಳದಿ ಆಗಿ ಉದುರ್ತಾವ, ಸಾಲಿನ ನಡುವ ಕಾಲಿಟ್ರ ಸರಸರ ಅಂತದ, ಆ ಎಲಿನೇ ಕೊಳತು ಮಣ್ಣಿಗೆ ಗೊಬ್ಬರ. ಅದಕ್ಕಿಂತ ಮೊದಲು ಹೂವಿನ ಕಾಲದಾಗ ಮಂಜು ಬಿದ್ರ ರೈತರ ಎದಿ ಧಸಕ್ ಅಂತದ, ಹೂ ಉದುರ್ತಾವ. ಕಾಯಿಕೊರಕ ಹುಳ ಬಿದ್ರ ಗಿಡ ಅಲ್ಲಾಡ್ಸಿ ಕೆಳಗ ಹಾಸಿದ ತಾಟಿನ್ಯಾಗ ಹುಳ ಉದುರ್ಸಿ ಆರಿಸಿ ಹಾಕೋ ಪದ್ಧತಿ ಇತ್ತು, ಕೋಳಿಗೆ ಹಬ್ಬ ಆಗ್ತಿತ್ತು. ಗಿಡ ಅಲ್ಲಾಡೋದು, ಹುಳ ಪಟಪಟ ಬೀಳೋದು, ಕೋಳಿ ಓಡಿ ಬರೋದು, ಇದಕ್ಕ ತಾಳ ಹಾಕಿ ನೋಡ್ರಿ ಹೆಂಗಿರ್ತದ. ಕಲಬುರಗಿ ತೊಗರಿಬ್ಯಾಳಿಗೆ 2019ರಾಗ ಜಿಐ ಟ್ಯಾಗ್, ಅಂದ್ರ ಈ ಮಾಲು ಈ ನೆಲದ್ದೇ ಅನ್ನೋ ಸರ್ಕಾರಿ ಗುರುತು ಬಂತು, ಚೀಲದ ಮ್ಯಾಲ ಆ ಗುರುತು ಇರ್ತದ, ಆದ್ರ ಬೆಂಗಳೂರಿನ್ಯಾಗ ಸಾರು ಉಣ್ಣೋ ಮಗುವಿಗೆ ಆ ಬ್ಯಾಳಿ ಹಿಂದ ಇರೋ ಆರು ತಿಂಗಳು ಯಾರು ತೋರ್ಸಬೇಕು?

ಎಳ್ಳಮಾಸಿ, ಅಂದ್ರ ಎಳ್ಳು ಅಮಾಸಿ ಬಗ್ಗೆ ಬರಕೋತ ಹೋದ್ರ ಪತ್ರ ಮುಗಿಯಂಗಿಲ್ಲ. ಹಿಂಗಾರಿ ಜೋಳ ಮೊಣಕಾಲು ದಾಟಿ ನಿಂತಿರ್ತದ, ಮಳಿ ಇಲ್ಲದೇ ಎರಿ ಮಣ್ಣಿನ ಹಸಿ ಮತ್ತ ಇಬ್ಬನಿ ಮ್ಯಾಲೇ ಬೆಳಿಯೋ ಬೆಳಿ ಅದು, ಮನಿಯವ್ರೆಲ್ಲಾ ಗಾಡಿ ಟ್ರ್ಯಾಕ್ಟರ್ ಹೂಡ್ಕೊಂಡು ಹೊಲಕ್ಕ ಬಂದು ಭೂಮಿತಾಯಿಗೆ ಎಡಿ ಅಂತ ಚರಗ ಚೆಲ್ಲಿ ಸಜ್ಜಿ ರೊಟ್ಟಿ, ಭಜ್ಜಿ, ಕಡಬು, ಅಂಬಲಿ ಉಣ್ತಾರ, ಕಲಬುರಗಿ ಪ್ಯಾಟಿ ಖಾಲಿ ಆಗ್ತದ. ಆಮ್ಯಾಲ ಸೀತನಿ ಅಂದ್ರ ಎಳೀ ಜೋಳದ ತೆನಿ, ಸುಲಗಾಯಿ ಅಂದ್ರ ಹಸಿ ಕಡ್ಲಿ ಸುಡೋ ವಾಸನಿ. ಬೀದರ್‌ದಾಗ ಕೆಲವು ವರ್ಷ 10 ಡಿಗ್ರಿಗಿಂತ ಕೆಳಗ ಇಳಿಯೋ ಥಂಡಿ. ಬೋನಾಳ ಕೆರಿಗೆ ದೂರದೂರಿಂದ ಬರೋ ಹಕ್ಕಿಗೋಳು. ಇದು ನಮ್ ವಿಂಟರ್ ರೀ, ಹಿಮ ಇಲ್ಲದ ಚಂದ ವಿಂಟರ್.

ಶಿವರಾತ್ರಿಗೆ ಶಿವ ಶಿವ ಅಂತ ಥಂಡಿ ಹೋಗ್ತದ, ಹೋಳಿ ಆಗಿ ಕಲಬುರಗಿ ಶರಣಬಸವಪ್ಪನ ಜಾತ್ರಿ ತೇರು ಎಳದ್ರೋ ಇಲ್ವೋ ಬಿಸಲು ಚುರ್ ಅನ್ನಲಕ್ಕ ಶುರು. ಏಪ್ರಿಲ್ ಮೇದಾಗ ನಮ್ ಭಾಗಕ್ಕಂತೇ ಸರ್ಕಾರಿ ಆಫೀಸ್ ಟೈಮ್ ಬದಲಾಗ್ತದ, ಮುಂಜಾನಿ 8ರಿಂದ ಮಧ್ಯಾಹ್ನ 1:30. ರಾಜ್ಯದಾಗ ಬ್ಯಾರೆ ಕಡಿಯವ್ರಿಗೆ ಇದು ಗೊತ್ತೇ ಇರಂಗಿಲ್ಲ. ಒಂದು ಊರಿನ ಗಡಿಯಾರನ್ನೇ ಋತು ಬದಲಾಸ್ತದ ಅಂದ್ರ ಅದಕ್ಕಿಂತ ದೊಡ್ಡ ಋತು ಚಿತ್ರ ಯಾವ್ದು? ಒಂದೂವರಿಗೆ ಬಾಗಲ ಹಾಕ್ಕೊಂಡು ರೋಡ್ ಖಾಲಿ, ಫರ್ಸಿ ಕಲ್ಲು ಕಾದು ಕೆಂಡ, ಸಂಜಿಗಿ ಮಾಳಗಿಗೆ ನೀರು ಹೊಡದು ಚಾಪಿ ಹಾಸೋದು.

ಇನ್ನ ಮಾಡೋದು ಹೆಂಗ ಅನ್ನೋದಕ್ಕ ಬರ್ತೀನಿ. ನಮ್ ದೇಶದಾಗ ಸಿನಿಮಾ ಹುಟ್ಟೋ ಹೊತ್ತಿನ್ಯಾಗೇ ಇದರ ಬೀಜ ಅದ. ದಾದಾಸಾಹೇಬ್ ಫಾಲ್ಕೆ ಅವ್ರು 1913ರ ‘ರಾಜಾ ಹರಿಶ್ಚಂದ್ರ’ಕ್ಕಿಂತ ಮೊದಲು ಬಟಾಣಿ ಕಾಳು ಮೊಳಕಿ ಒಡದು ಗಿಡ ಆಗೋದನ್ನ ಕ್ಯಾಮೆರಾದಾಗ ಬಿಟ್ಟು ಬಿಟ್ಟು ಹಿಡದು, ಅದನ್ನ ತೋರಿಸಿನೇ ಸಾಹುಕಾರ್ರ ಹತ್ರ ಸಿನಿಮಾಕ್ಕ ದುಡ್ಡು ಹುಟ್ಟಸ್ಯಾರ. ನಾವು ತೊಗರಿ ಕಾಳು ಇಟ್ಟು ಮಾಡಬಹುದಲ್ಲ. ಸಾಲಿ ಅಂಗಳದಾಗ ಮಿರಗಕ್ಕ ತೊಗರಿ ಹಾಕಿ, ದಿನಾ ಅದೇ ಜಾಗದಿಂದ ಅದೇ ಹೊತ್ತಿಗೆ ಒಂದೇ ಫೋಟೋ. 180 ದಿನಕ್ಕ 180 ಫೋಟೋ, ಸೆಕೆಂಡಿಗೆ 12ರಂಗ ಓಡ್ಸಿದ್ರ 15 ಸೆಕೆಂಡಿನ್ಯಾಗ ಬೀಜದಿಂದ ಕಾಯಿ ತನಕ ಕಾಣ್ತದ. ಯಾವ ಸಾಲಿಗೂ ಇದು ಹೆಚ್ಚಿನ ಕೆಲಸ ಅಲ್ಲ. ಮುಂದ 1956ರಾಗ ಡಿಸ್ನಿದಾಗ ಕೆಲಸ ಮಾಡಿದ ಕ್ಲೇರ್ ವೀಕ್ಸ್ ಅನ್ನೋರು ಮುಂಬೈಗೆ ಬಂದು ಕೇಂದ್ರ ಸರ್ಕಾರದ ಸಿನಿಮಾ ಸಂಸ್ಥಿ ಫಿಲ್ಮ್ಸ್ ಡಿವಿಜನ್‌ದಾಗ ನಮ್ ಹುಡುಗ್ರಿಗೆ ಕಾರ್ಟೂನ್ ಕಲಿಸಿದ್ರು, 1957ರಾಗ ಅಲ್ಲಿಂದ ‘ದ ಬನಿಯನ್ ಡೀರ್’ ಬಂತು, ಬುದ್ಧನ ಜಾತಕ ಕತಿ ಮ್ಯಾಲ. ಅಂದ್ರ ಸರ್ಕಾರ ಮನಸ್ಸು ಮಾಡಿದ್ರ ಕಲಿಸ್ಲಕ್ಕ ಬರ್ತದ, ಕಲಿತವ್ರು ನಮ್ ಕತಿನೇ ಬರೀತಾರ.

ಹಳೀ ಚಿತ್ರ ಸಾಲ್ಯಾಗ ತೋರ್ಸಿದ್ರ ಕೇಸ್ ಆಗ್ತದೇನು ಅಂತ ಅಂಜೋ ಹೆಡ್ ಮಾಸ್ತರುಗೋಳಿಗೆ ಒಂದು ಮಾತು. ನಮ್ 1957ರ ಕಾಪಿರೈಟ್ ಕಾಯ್ದಿ ಪ್ರಕಾರ ಸಿನಿಮಾದ ಹಕ್ಕು ಬಿಡುಗಡಿ ಆದ ಮುಂದಿನ ವರ್ಷದಿಂದ 60 ವರ್ಷ, ಅಮೆರಿಕಾದಾಗೂ ಆ ಕಾಲದ ಚಿತ್ರಕ್ಕ ಹೆಚ್ಚಂದ್ರ 95 ವರ್ಷ, 1929, 1930ರ ಚಿತ್ರಕ್ಕ ಎರಡೂ ಮುಗದಾವ. ಆದ್ರ ಮೂಲ ಕಪ್ಪು ಬಿಳುಪಿನ, ಮೂಲ ಸಂಗೀತದ ಕಾಪಿನೇ ಹಾಕ್ರಿ. ಮೊಬೈಲ್‌ದಾಗ ಬಣ್ಣ ಹಚ್ಚಿ, ಜೋರ್ ಓಡ್ಸಿ, ಮ್ಯಾಲ ಬ್ಯಾರೆ ಹಾಡು ತುಂಬಿದ್ದು ತೋರ್ಸಬ್ಯಾಡ್ರಿ, ಸಂಗೀತಕ್ಕೂ ಹೆಜ್ಜಿಗೂ ಇರೋ ಜೋಡಿನೇ ಹೋಗಿಬಿಡ್ತದ, ಮತ್ತ ಆ ಜೋಡಿನೇ ಈ ಚಿತ್ರಗಳ ಜೀವ.

ಕಲಾವಿದರು ಇಲ್ಲ ಅನ್ನೋ ಮಾತು ಕಲಬುರಗಿ ಮಟ್ಟಿಗೆ ನಡಿಯಂಗಿಲ್ಲ. 1916ರಾಗ ಇಲ್ಲೇ ಹುಟ್ಟಿದ ಎಸ್.ಎಂ. ಪಂಡಿತರು ಮುಂಬೈಗೆ ಹೋಗಿ ಸಿನಿಮಾ ಪೋಸ್ಟರ್ ಬರದ್ರು, ಅವ್ರ ಕ್ಯಾಲೆಂಡರ್ ಚಿತ್ರ ದೇಶದ ಮನಿಗೋಡಿ ಮ್ಯಾಲ ಕುಂತ್ವು. ಇವತ್ತೂ ನಮ್ ಊರಾಗ ಚಿತ್ರಕಲಾ ಕಾಲೇಜು ಅವ, ಗುಲಬರ್ಗಾ ವಿಶ್ವವಿದ್ಯಾಲಯ ಅದ, ಕಡಗಂಚಿದಾಗ ಕೇಂದ್ರೀಯ ವಿಶ್ವವಿದ್ಯಾಲಯ ಅದ. ಪ್ರತಿ ವರ್ಷ ಕಲಿತು ಹೊರಗ ಬರೋ ಹುಡುಗೂರು ಮದುವಿ ಬ್ಯಾನರ್ ಡಿಸೈನ್ ಮಾಡ್ಕೋತ ಕೂಡ್ತಾರ ಇಲ್ಲಾ ಹೈದರಾಬಾದ್ ಬೆಂಗಳೂರು ಸ್ಟುಡಿಯೋದಾಗ ಬ್ಯಾರೆಯವ್ರ ಕಾರ್ಟೂನ್‌ಗೆ ಬಣ್ಣ ತುಂಬತಾರ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಬಜೆಟ್‌ದಾಗ 5,000 ಕೋಟಿ ಅಂತ ಹೇಳ್ತಾರ, ರೋಡು ಬೇಕು, ಸಾಲಿ ಕೋಣಿ ಬೇಕು, ದವಾಖಾನಿ ಬೇಕು, ಎಲ್ಲಾ ಖರೇ, ಅದ್ರಾಗೇ ಒಂದು ಸಣ್ಣ ಪಾಲು ತೆಗದು ಹತ್ತು ಹದಿನೈದು ಮಂದಿ ಹುಡುಗ ಹುಡುಗೇರಿಗೆ ಎರಡು ವರ್ಷ ಪಗಾರ ಕೊಟ್ಟು ಈ ಒಂದು ಚಿತ್ರ ಮಾಡಸ್ರಿ. ಮಾಡೋರು ಪೂರಾ ಒಂದು ವರ್ಷ ಹೊಲದಾಗೇ ಸ್ಕೆಚ್ ಮಾಡಬೇಕು, ಎಸಿ ರೂಮಿನ್ಯಾಗ ಕುಂತು ಗೂಗಲ್ ನೋಡಿ ಬರೀಬಾರ್ದು ಅನ್ನೋ ಒಂದೇ ಕಂಡೀಶನ್ ಇರ್ಲಿ.

ಮತ್ತ ಸಂಗೀತ ಮೊದಲು ಆಗಬೇಕು, ಇದು ನನ್ನ ಗಟ್ಟಿ ಮಾತು. ಆ ನಾಕು ಚಿತ್ರ ಅಷ್ಟು ಛಲೋ ಬರ್ಲಕ್ಕ ಕಾರಣ ಕಾರ್ಲ್ ಸ್ಟಾಲಿಂಗ್ ಅನ್ನೋ ಸಂಗೀತಗಾರರ ವಿಚಾರ. ಮೊದಲು ಸಂಗೀತ ಇಟಕೊಂಡು ಅದರ ತಾಳಕ್ಕ ಚಿತ್ರ ಬರಿಯೋ ಸರಣಿ ಮಾಡಮು ಅಂತ ಡಿಸ್ನಿಗೆ ಹೇಳಿದವ್ರೇ ಅವ್ರು. ನಮ್ ವರ್ಷಕ್ಕ ಸಂಗೀತ ಹೊಸದಾಗಿ ಹುಡುಕೋ ಕೆಲಸನೇ ಇಲ್ಲ. ಬೀಸೋ ಪದ ಅದ, ಹಲಗಿ ವಾದ್ಯ ಅದ, ಎಲ್ಲದಕ್ಕಿಂತ ಹಂತಿ ಪದ ಅದ. ಕಣದಾಗ ತೆನಿ ತುಳಸುವಾಗ ನಡುವಿನ ಮೇಟಿ ಕಂಬದ ಸುತ್ತ ಎತ್ತು ತಿರುಗೋ ಲಯಕ್ಕೇ ಕಟ್ಟಿದ ಹಾಡು ಅವು, ರಾತ್ರಿ ಪೂರಾ ಹಾಡ್ತಿದ್ರು, ಎತ್ತಿನ ಹೆಜ್ಜಿ ನಿಧಾನ ಆದ್ರ ಹಾಡೂ ನಿಧಾನ, ಎತ್ತು ಜೋರ್ ಆದ್ರ ಹಾಡೂ ಜೋರ್. ಅಂದ್ರ ಹೆಜ್ಜಿ ಮತ್ತ ತಾಳ ಜೋಡಿಸೋ ಕೆಲಸ ನಮ್ ಹಿರ್ಯಾರು ಕಣದಾಗೇ ಮುಗಿಸ್ಯಾರ. ಈಗ ಮಷೀನ್ ಬಂದು ಎರಡು ತಾಸಿನ್ಯಾಗ ರಾಶಿ ಮುಗೀತದ, ರೈತರಿಗೆ ಅದು ಆರಾಮ, ಬ್ಯಾಡ ಅನ್ನಂಗಿಲ್ಲ. ಆದ್ರ ಹಂತಿ ಪದ ಬರೋರು ಈಗ ಎಪ್ಪತ್ತು ಎಂಬತ್ತು ದಾಟ್ಯಾರ, ನಮ್ ಊರ ಆಜುಬಾಜು ಇರೋರಿಗೆ ಕೂತು ಹಾಡ್ಲಕ್ಕ ಉಸಿರು ಸಾಲ್ವಲ್ದು. ಚಿತ್ರಕ್ಕ ದುಡ್ಡು ಯಾವಾಗ ಬರ್ತದೋ ಬರ್ಲಿ, ವಿಶ್ವವಿದ್ಯಾಲಯದ ಜಾನಪದ ವಿಭಾಗದವ್ರು ಮತ್ತ ಕಲಬುರಗಿ ಆಕಾಶವಾಣಿಯವ್ರು ಕೂಡಿ ಈ ಸುಗ್ಗಿದಾಗೇ ತಾಲೂಕಿಗೆ ಒಂದು ಕಣ ಹೂಡ್ಸಿ, ಎತ್ತು ಕಟ್ಟಿ ತಿರುಗಿಸಿ, ಆ ಎತ್ತಿನ ಹಿಂದೇ ಅವ್ರನ್ನ ಹಾಡ್ಸಿ ರೆಕಾರ್ಡ್ ಮಾಡ್ಕೋಬೇಕು. ಸ್ಟುಡಿಯೋದಾಗ ಮೈಕ್ ಮುಂದ ನಿಲ್ಲಿಸಿ ಮಾಡಿದ್ರ ಎತ್ತಿನ ಹೆಜ್ಜಿ ಬರಂಗಿಲ್ಲ. ಜೇವರ್ಗಿ ತಾಲೂಕಿನ ಮಟ್ಟಿಗೆ ಹಾಡೋ ಹಿರ್ಯಾರನ್ನ ಕೂಡಸೋದು, ಕಣ, ಎತ್ತು, ಬಂದವ್ರಿಗೆ ಊಟ, ಇವೆಲ್ಲಾ ನಮ್ ಸಾಲಿ ಮಾಸ್ತರುಗೋಳು ಮತ್ತ ಊರವ್ರು ನೋಡ್ಕೋತೀವಿ, ರೆಕಾರ್ಡ್ ಮಾಡೋರು ಬಂದ್ರ ಸಾಕು.

ಇಂತಿ,
ಒಬ್ಬ ಚಿತ್ರಕಲಾ ಶಿಕ್ಷಕ,
ಜೇವರ್ಗಿ ತಾಲೂಕು, ಕಲಬುರಗಿ ಜಿಲ್ಲಾ